ಬರಿಗಾಲಿನ ಗೆರೆ

ಜುಲೈ 31, 1982, ಶನಿವಾರ. ಶಹಾಬಾದ

ದಸ್ತಗೀರ ಸಾಹೇಬರ ಬೀಳ್ಕೊಡುಗೆ ಮುಗಿಯಿತು. ಹದಿನಾರು ವರ್ಷ ನಮ್ಮ ಕಾಲೇಜಿನ ಹುಡುಗಿಯರಿಗೆ ವಾಲಿಬಾಲ್ ಕಲಿಸಿದ ಮನುಷ್ಯ ಮೂರೇ ವಾಕ್ಯ ಭಾಷಣ ಮಾಡಿ ಕೂತರು. ಮೂರನೆಯದು "ಚಹಾ ಆರಾಕತ್ತದ" ಎಂಬುದು. ನಾಳೆ ಅವರು ತಾಂಡೂರಿನ ಮಗಳ ಮನೆಗೆ ಹೋಗುತ್ತಾರಂತೆ.

ನಾನು ಮನಸಾರೆ ಸಂತೋಷದಿಂದ ಹಾರ ಹಾಕಿದೆ. ಗ್ರಂಥಾಲಯದ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಸಂಜೆ ಐದರಿಂದ ಆರರವರೆಗೆ ನಾನು ಕವಿತೆ ಓದುವ ಹೊತ್ತು. ಆ ಕಿಟಕಿಯ ಕೆಳಗೇ ವಾಲಿಬಾಲ್ ಅಂಕಣ. ಹನ್ನೊಂದು ವರ್ಷದಲ್ಲಿ ಚೆಂಡಿನ ಸದ್ದಿಲ್ಲದೆ ಒಂದು ಪದ್ಯವನ್ನೂ ಮುಗಿಸಿದವಳಲ್ಲ. ಇನ್ನು ನಿಶ್ಶಬ್ದ ಎಂದುಕೊಂಡು ಹೊಸ ಸಂಕಲನವನ್ನು ಚೀಲಕ್ಕೆ ಹಾಕಿಕೊಳ್ಳುವಷ್ಟರಲ್ಲಿ ಪ್ರಿನ್ಸಿಪಾಲ ನಾಮದೇವರಾಯರು ಕರೆಸಿದರು.

"ಬರ್ರಿ ಅನಸುಬಾಯಿ, ಕುಂದ್ರಿ. ಹೊಸಾ ಮಾಸ್ತರ ಬರೂತನಕ ವಾಲಿಬಾಲ್ ನೀವ ನೋಡ್ಕೋರಿ."

"ಸರ್, ನಾ ಕನ್ನಡ ಎಂ.ಎ. ಮಾಡಿದಾಕಿ. ಜಲ್ಮದಾಗ ಚೆಂಡು ಮುಟ್ಟಿಲ್ಲ."

"ಗೊತ್ತದ. ಆದ್ರ ಏಳು ಅರ್ಜಿ ಬರದೀರಿ. ಇಡೀ ಕಾಲೇಜಿನಾಗ ಈ ಆಟದ ಬಗ್ಗೆ ಇಷ್ಟು ಬರದವರು ಇನ್ನೊಬ್ಬರಿಲ್ಲ."

ಆ ಏಳೂ ಅರ್ಜಿ ಗದ್ದಲದ ವಿರುದ್ಧ ಬರೆದವು. ಅವರಿಗೆ ಅದು ನೆನಪಿದೆಯೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ. ಬಾಗಿಲ ತನಕ ಬಂದ ಮೇಲೆ ಇನ್ನೊಂದು ಮಾತು ಹೇಳಿದರು. ವಲಯದ ಪಂದ್ಯಗಳು ಇಷ್ಟು ವರ್ಷ ನಮ್ಮ ಮೈದಾನದಲ್ಲೇ ಆಗುತ್ತಿದ್ದವು, ನಾವೇ ಗೆಲ್ಲುತ್ತಿದ್ದೆವು. ಈ ಸಲ ಅಕ್ಟೋಬರಿನಲ್ಲಿ ಸೇಡಂನಲ್ಲಿ ಆಗಲಿವೆ. ಅಲ್ಲಿ ಒಂದು ಪಂದ್ಯವನ್ನಾದರೂ ಗೆಲ್ಲದಿದ್ದರೆ ಹುಡುಗಿಯರ ತಂಡವನ್ನು ಮುಚ್ಚಿ, ಆ ಜಾಗದಲ್ಲಿ ಸೈಕಲ್ ಸ್ಟ್ಯಾಂಡ್ ಕಟ್ಟಬೇಕೆಂದು ಆಡಳಿತ ಮಂಡಳಿ ಬರೆದುಕೊಟ್ಟಿದೆ.

ಹೊಸ ಮಾಸ್ತರು ಬೇಗ ಬರಲಿ.

ಆಗಸ್ಟ್ 2, ಸೋಮವಾರ

ನೆಟ್ ಕಟ್ಟುವ ಜವಾನ ಲಾಲ್ ಅಹ್ಮದ್ ನಿನ್ನೆ ಮನೆಗೇ ಬಂದು ದಸ್ತಗೀರ ಸಾಹೇಬರ ಸೀಟಿಯನ್ನು ಕರವಸ್ತ್ರದಲ್ಲಿ ಸುತ್ತಿ ಕೊಟ್ಟುಹೋಗಿದ್ದ. ಹದಿನಾರು ವರ್ಷ ಇನ್ನೊಬ್ಬರು ಊದಿದ್ದನ್ನು ಬಾಯಿಗೆ ಇಡುವುದು ಹೇಗೆ? ಬೆಳಿಗ್ಗೆ ಒಲೆಯ ಮೇಲೆ ನೀರಿಟ್ಟು ಕುದಿಸಿದೆ. ಅಣ್ಣನ ಹೆಂಡತಿ, ನಮ್ಮ ವೈನಿ, ಇಣುಕಿ ನೋಡಿದರು.

"ಅನಸೂ, ಇದೇನ ಸೀಟಿ ಸಾರು ಮಾಡಾಕತ್ತೀಯೇನ?"

ಸಂಜೆ ಊದಿದರೆ 'ಫುಸ್' ಎಂದಿತು. ಒಳಗಿನ ಬೆಂಡಿನ ಗುಂಡು ಕುದಿದು ಉಬ್ಬಿಕೊಂಡಿದೆ. ನನ್ನ ದನಿಯೋ ತರಗತಿಯಲ್ಲಿ ಮೂರನೆಯ ಬೆಂಚು ದಾಟುವುದಿಲ್ಲ.

ತಂಡದ ನಾಯಕಿ ಮಾಳಮ್ಮ, ಬಿ.ಎ. ಎರಡನೇ ವರ್ಷ. ತಂದೆ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಖಣಿಯಲ್ಲಿ ಕೆಲಸ ಮಾಡುತ್ತಾನೆ. ಹುಡುಗಿ ನನಗಿಂತ ಒಂದು ಮೊಳ ಎತ್ತರ. ಚೆಂಡನ್ನು ಎತ್ತಿಕೊಡುವವಳು ರಶೀದಾಬೇಗಂ, ಕೈಯಷ್ಟೇ ಬಾಯಿಯೂ ಚುರುಕು. ಹಿಂದಿನ ಸಾಲಿನ ಪುಟ್ಟ ಹುಡುಗಿ ಆಶಾಬಿ. ಉಳಿದ ಮೂವರು ಈ ವರ್ಷ ಸೇರಿದವರು. ನಾನು ಏನು ಕೇಳಿದರೂ ಮಾಳಮ್ಮನ ಮುಖ ನೋಡುತ್ತಾರೆ.

"ಮೇಡಂರಿ, ನೀವು ನೆರಳಿನಾಗ ಕುಂದ್ರಿ. ನಾವ ಆಡ್ತೀವಿ," ಎಂದಳು ಮಾಳಮ್ಮ, ರೋಗಿಗೆ ಹೇಳುವ ಹಾಗೆ.

ಕೂತು ಸಂಕಲನ ತೆರೆದೆ. ಪುಟ ನಲವತ್ತೊಂದರ ತನಕ ಓದಿದೆ. ಆ ಹುಡುಗಿಯರು ಚೆನ್ನಾಗಿಯೇ ಆಡುತ್ತಾರೆಂದು ತೋರಿತು. ಎಲ್ಲರೂ ಬರಿಗಾಲು. ಚೆಂಡಿನ ಮೇಲಿಟ್ಟ ಕಣ್ಣನ್ನು ಯಾರೂ ಒಮ್ಮೆಯೂ ಕೆಳಗಿಳಿಸುವುದಿಲ್ಲ.

ಆಗಸ್ಟ್ 22, ಭಾನುವಾರ

ಅಭ್ಯಾಸವಾಗಲಿ ಎಂದು ವಾಡಿಗೆ ಕರೆದುಕೊಂಡು ಹೋಗಿದ್ದೆ, ಅಲ್ಲಿಯ ಹೈಸ್ಕೂಲು ಹುಡುಗಿಯರ ಜೊತೆ ಆಡಲು. ಎದುರಿಗೆ ನಿಂತವರು ಎರಡು ಜಡೆಯ ಮಕ್ಕಳು. "ಭಾಳ ಜೋರ ಹೊಡಿಬ್ಯಾಡ್ರೆವ್ವಾ, ಸಣ್ಣವು ಅವ," ಎಂದು ರಶೀದಾಬೇಗಂ ನಮ್ಮವರಿಗೆ ತಾಕೀತು ಮಾಡಿದಳು.

ಆಮೇಲೆ ಆದದ್ದನ್ನು ಹೇಗೆ ಬರೆಯಲಿ? ಚೆಂಡು ಮೇಲಿನಿಂದ ಬರುತ್ತಿದ್ದಾಗ ಆಶಾಬಿ ತಲೆ ತಗ್ಗಿಸಿ ಕಾಲಿನಿಂದ ನೆಲವನ್ನು ಸವರತೊಡಗಿದಳು, ಎಡಕ್ಕೊಮ್ಮೆ ಬಲಕ್ಕೊಮ್ಮೆ. ಚೆಂಡು ಅವಳ ನೆತ್ತಿಯ ಮೇಲೇ ಬಿತ್ತು. ರಶೀದಾಬೇಗಂ ಸರ್ವೀಸು ಮಾಡಲು ಹೋಗಿ ಗೆರೆ ದಾಟಿ ಮೂರು ಅಡಿ ಒಳಗೆ ನಿಂತಳು. ಹೊರಗೆ ಹೋಗುವ ಚೆಂಡುಗಳನ್ನು ಮಾಳಮ್ಮ ಓಡಿಹೋಗಿ ಹಿಡಿದಳು, ಒಳಗೆ ಬೀಳುವುದನ್ನು ಮರ್ಯಾದೆಯಿಂದ ಬಿಟ್ಟಳು. ನೋಡನೋಡುತ್ತ ಆರೂ ಜನ ನೆಲ ನೋಡುತ್ತ ನಿಂತುಬಿಟ್ಟರು. ಶೇಂಗಾ ಮಾರುವ ಮುದುಕಿಯೊಬ್ಬಳು ನನ್ನ ಹತ್ತಿರ ಬಂದು ಕನಿಕರದಿಂದ ಕೇಳಿದಳು:

"ಏನ ಕಳದದ್ರಿ ಹುಡುಗ್ಯಾರ್ದು? ಬೆಂಡೋಲಿ ಏನು?"

ಹದಿನೈದಕ್ಕೆ ಎರಡು. ಹದಿನೈದಕ್ಕೆ ಒಂದು.

ಬರುವಾಗ ಪ್ಯಾಸೆಂಜರ್ ಗಾಡಿಯಲ್ಲಿ ಏನಾಯಿತೆಂದು ಕೇಳಿದರೆ, "ಗೊತ್ತಿಲ್ರಿ ಮೇಡಂರಿ, ಕಾಲ ಕೆಳಗ ಏನೂ ಇಲ್ದಂಗ ಆತು," ಎಂದಳು ಆಶಾಬಿ. ಭಯ ಎಂದುಕೊಂಡೆ.

ಆಗಸ್ಟ್ 23

ಎರಡು. ಒಂದು.

ಆಗಸ್ಟ್ 27, ಶುಕ್ರವಾರ

ಸೈಕಲ್ ಸ್ಟ್ಯಾಂಡಿನ ಕಡತ ನೋಡಿದೆ. ನೋಡಬಾರದಿತ್ತು. ನಕ್ಷೆ ಇದೆ, ಮಂಡಳಿಯ ಠರಾವು ಇದೆ, ಎಲ್ಲಕ್ಕೂ ಮೇಲೆ ಮೊದಲ ಪುಟವಾಗಿ ನನ್ನ ಏಳನೇ ಅರ್ಜಿ ಇದೆ. "ಸದರಿ ಜಾಗವನ್ನು ಶಾಂತ ಸ್ವರೂಪದ ಬೇರೆ ಉಪಯೋಗಕ್ಕೆ ತೆಗೆದುಕೊಳ್ಳುವುದು ಉಚಿತ." ಭಾಷೆ ಶುದ್ಧವಾಗಿದೆ. ಅಕ್ಷರ ನನ್ನದೇ.

ಸಂಜೆ ಮೈದಾನದಲ್ಲಿ ಮಾಳಮ್ಮನನ್ನು ಸುಮ್ಮನೆ ಎಂಬಂತೆ ಕೇಳಿದೆ: "ಒಂದ ವ್ಯಾಳ್ಯಾ ಈ ಆಟ ನಿಂತ್ರ ಏನ ಮಾಡ್ತಿ?"

"ನಿಂತ್ರ ನಾಕೂವರಿಗಿ ಮನಿಗಿ ಹೋಗಬೇಕಲ್ರಿ. ಮನಿಗಿ ಹೋದ ಕೂಡ್ಲೆ ಮಾಳೀ ನೀರು ತಾ, ಮಾಳೀ ರೊಟ್ಟಿ ಬಡಿ, ಮಾಳೀ ಕೂಸಿನ್ನ ಹಿಡಿ. ಇಡೀ ದಿನದಾಗ ಐದರಿಂದ ಆರು ಒಂದ ತಾಸು ಯಾರೂ ನನ್ನ ಹೆಸರು ಹಿಡದು ಕರ್ಯಂಗಿಲ್ರಿ. ಕರದ್ರೂ ಚೆಂಡಿಗೇ ಕರೀತಾರ."

ಅಣ್ಣನ ಮನೆಯಲ್ಲಿ ನನ್ನ ಹೆಸರನ್ನೂ ದಿನಕ್ಕೆ ಎಷ್ಟು ಸಲ ಕರೆಯುತ್ತಾರೆ! ಗ್ರಂಥಾಲಯದ ಕುರ್ಚಿಯನ್ನು ನಾನು ಕಾಯ್ದುಕೊಂಡದ್ದೂ ಐದರಿಂದ ಆರೇ. ಅದನ್ನು ಉಳಿಸಿಕೊಳ್ಳಲು ಏಳು ಸಲ ಇವರದನ್ನು ಕಿತ್ತುಕೊಳ್ಳಲು ಬರೆದಿದ್ದೇನೆ.

ಮನೆಗೆ ಬಂದು ತಾಂಡೂರಿಗೆ ಕಾಗದ ಬರೆದೆ. "ಹುಡುಗಿಯರಿಗೆ ಹೊರಗೆ ಆಡಲು ಬರುವುದಿಲ್ಲ. ಕಾರಣ ತಿಳಿಸಿ." ಅದೂ ಅರ್ಜಿಯ ಹಾಗೇ ಕಂಡಿತು. ಹಾಗೇ ಅಂಚೆಗೆ ಹಾಕಿದೆ.

ಸೆಪ್ಟೆಂಬರ್ 4, ಶನಿವಾರ

ದಸ್ತಗೀರ ಸಾಹೇಬರ ಕಾರ್ಡು ಬಂತು, ಉರ್ದುವಿನಲ್ಲಿ. ಲಾಲ್ ಅಹ್ಮದ್ ಓದಿ ಹೇಳಿದ.

"ಖೈರಿಯತ್ ಅದ ಅಂತಾರ್ರಿ. ಮಳಿ ಚಲೋ ಆಗ್ಯಾದಂತ. ಮಗಳ ಮನಿ ಚಹಾದಾಗ ಸಕ್ಕರಿ ಕಮ್ಮಿ ಅಂತ."

"ಆಟದ್ದು?"

"ಅದಾ ಕಡೀಗಿ ಬರದಾರ್ರಿ. ಹುಡುಗ್ಯಾರ ಕಾಲು ನೋಡ್ರಿ. ಇಷ್ಟೇ."

"ಇನ್ನೇನೂ ಇಲ್ಲಾ?"

"ಸಾಹೇಬ್ರು ಇಷ್ಟು ಬರದದ್ದೇ ಭಾಳ ಆತ್ರಿ."

ಸೆಪ್ಟೆಂಬರ್ 6, ಸೋಮವಾರ

ನೋಡಿದೆ. ಆರು ಜನರನ್ನು ಕಟ್ಟೆಯ ಮೇಲೆ ಸಾಲಾಗಿ ಕೂರಿಸಿ ಹನ್ನೆರಡು ಕಾಲುಗಳನ್ನೂ ಒಂದೊಂದಾಗಿ ಪರೀಕ್ಷಿಸಿದೆ. ಎರಡರಲ್ಲಿ ಜಾಲಿ ಮುಳ್ಳು, ಒಂದರಲ್ಲಿ ಹಳೆಯ ಮೆಹಂದಿ, ಎಲ್ಲದರಲ್ಲೂ ಒಡಕು. ಒಡಕೇ ಕಾರಣವೆಂದು ತೀರ್ಮಾನಿಸಿ ಮನೆಯಿಂದ ಹರಳೆಣ್ಣೆ ತರಿಸಿ ಅಂಗಾಲಿಗೆಲ್ಲ ಹಚ್ಚಿಸಿದೆ.

ಹತ್ತು ನಿಮಿಷದ ಮೇಲೆ ರಶೀದಾಬೇಗಂ ಕೂತಲ್ಲಿಂದಲೇ ಕೂಗಿದಳು. ಕೂತದ್ದು ತಾನಾಗಿ ಅಲ್ಲ, ಬಿದ್ದು.

"ಮೇಡಂರಿ, ಇವತ್ತ ನಾವು ಆಡಾಕತ್ತಿಲ್ರಿ, ಜಾರಾಕತ್ತೀವ್ರಿ!"

ಪುಸ್ತಕ ಇನ್ನೂ ಪುಟ ನಲವತ್ತೊಂದರಲ್ಲೇ ಇದೆ. ಈ ಕೆಲಸದಿಂದ ನನ್ನ ಓದು ಹಾಳಾಗುತ್ತಿದೆ.

ಸೆಪ್ಟೆಂಬರ್ 8, ಬುಧವಾರ

ಗೊತ್ತಾಯಿತು!

ಮೈದಾನ ದಾಟುವಾಗ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ಎರಡನ್ನೂ ಕೈಯಲ್ಲಿ ಹಿಡಿದು ಅಂಕಣದೊಳಗೇ ನಡೆದೆ. ಮೊನ್ನೆಯ ಮಳೆಯಿಂದ ಮಣ್ಣು ತಣ್ಣಗಿತ್ತು. ಅಂಚಿಗೆ ಬಂದಾಗ ಅಂಗಾಲಿಗೆ ಬೆಚ್ಚಗೆ, ನುಣ್ಣಗೆ ತಗುಲಿತು. ನಿಂತೆ. ಮುಂದೆ ಒಂದು ಹೆಜ್ಜೆ ಇಟ್ಟೆ, ತಣ್ಣಗೆ. ಹಿಂದೆ ಇಟ್ಟೆ, ಬೆಚ್ಚಗೆ.

ನಮ್ಮ ಅಂಕಣದ ಗೆರೆ ಸುಣ್ಣದ್ದಲ್ಲ. ನಾಲ್ಕು ಬೆರಳು ಅಗಲದ ಪರಸಿ ಕಲ್ಲಿನ ಪಟ್ಟಿಗಳನ್ನು ನೆಲಕ್ಕೆ ಸಮನಾಗಿ ಹೂತಿದ್ದಾರೆ. ಹನ್ನೊಂದು ವರ್ಷ ಕಿಟಕಿಯಿಂದ ನೋಡಿದ್ದೇನೆ, ಒಮ್ಮೆಯೂ ತುಳಿದಿರಲಿಲ್ಲ.

ಮಾಳಮ್ಮನನ್ನು ಕೂಗಿ ಕೇಳಿದೆ: "ಚೆಂಡು ಹೊರಗ ಹೊಂಟದ ಅಂತ ನಿಂಗ ಹ್ಯಾಂಗ ತಿಳೀತದ?"

"ಹಿಮ್ಮಡಿಗಿ ಕಲ್ಲು ಹತ್ತತದಲ್ರಿ. ಹಿಮ್ಮಡಿ ಕಲ್ಲಿನ ಮ್ಯಾಲಿದ್ದು ಚೆಂಡು ತಲಿ ಮ್ಯಾಲ ಹೊಂಟ್ರ, ಅದು ಹೊರಗ."

"ಕಲ್ಲೇ ಇಲ್ಲದಿದ್ರ?"

ಅವಳು ಹಿಮ್ಮಡಿಯನ್ನು ಕಲ್ಲಿನಿಂದ ಎತ್ತಿ ಮಣ್ಣಿಗಿಟ್ಟಳು. "ವಾಡಿಯೊಳಗ ಕಲ್ಲಿದ್ದಿಲ್ರಿ!" ಎಂದು ಉಳಿದವರ ಕಡೆಗೆ ತಿರುಗಿ ಚೀರಿದಳು. "ಏ, ಕಲ್ಲಿದ್ದಿಲ್ಲ!"

ಕಣ್ಣು ಚೆಂಡಿನ ಮೇಲೆ, ಗೆರೆ ಕಾಲಿನಲ್ಲಿ. ಹದಿನಾರು ವರ್ಷ ನಮ್ಮ ಕಾಲೇಜು ಹೀಗೆಯೇ ಗೆದ್ದಿದೆ, ಅದೂ ಮನೆಯಂಗಳದಲ್ಲಿ. ಕಾಲು ನೋಡಿ ಎಂದವರು ಇನ್ನೊಂದು ಸಾಲು ಬರೆದಿದ್ದರೆ ಒಂದು ಬಾಟಲಿ ಹರಳೆಣ್ಣೆ ಉಳಿಯುತ್ತಿತ್ತು.

ಸೆಪ್ಟೆಂಬರ್ 10, ಶುಕ್ರವಾರ

ಕಾರಣ ತಿಳಿದರೆ ಸಾಕೆ? ಸುಣ್ಣದ ಗೆರೆಯನ್ನು ಕಾಲು ಓದುವುದು ಹೇಗೆ?

ಬಿ.ಎ. ಎರಡನೇ ವರ್ಷದವರಿಗೆ ಕಂದಪದ್ಯ ಹೇಳುತ್ತಿದ್ದೆ. ಮೊದಲ ಸಾಲಿಗೆ ನಾಲ್ಕು ನಾಲ್ಕು ಮಾತ್ರೆಯ ಮೂರು ಗಣ, ಎರಡನೇ ಸಾಲಿಗೆ ಐದು. ಮಾಳಮ್ಮ ಎಂದಿನಂತೆ ಎಲ್ಲೆಲ್ಲೋ ಗೀಟು ಹಾಕಿ ಕೂತಿದ್ದಳು. "ನಾಲ್ಕು, ನಾಲ್ಕು, ನಾಲ್ಕು, ಅಲ್ಲಿಗೆ ಸಾಲು ಮುಗೀತು," ಎಂದು ಮೇಜು ತಟ್ಟುತ್ತಿದ್ದವಳು ಅಲ್ಲಿಗೇ ನಿಂತೆ. ಸಾಲು ಎಲ್ಲಿ ಮುಗಿಯುತ್ತದೆಂದು ನಾವು ನೋಡಿ ತಿಳಿಯುವುದಿಲ್ಲ. ಎಣಿಸಿ ತಿಳಿಯುತ್ತೇವೆ.

ಸಂಜೆ ಮಾಳಮ್ಮನನ್ನು ನೆಟ್ಟಿನಿಂದ ಹಿಂದಿನ ಗೆರೆಯ ತನಕ ನಡೆಸಿದೆ. ಹನ್ನೆರಡು ಹೆಜ್ಜೆ! ಮೂರು ಗಣ, ಒಂದು ಸಾಲು. ಆಶಾಬಿಗೆ ಹದಿನೈದು ಬಂತು. ಹೆಜ್ಜೆಯನ್ನು ದೀರ್ಘ ಮಾಡು ಎಂದೆ. ಯಾವ ಊರಿಗೆ ಹೋದರೂ ನೆಟ್ ಕಣ್ಣೆದುರೇ ಇರುತ್ತದೆ. ಅಲ್ಲಿಂದ ಎಂಟು ಹೆಜ್ಜೆಗೆ ನಿಲ್ಲಬೇಕು. ಬೆನ್ನ ಹಿಂದೆ ಉಳಿಯುವುದು ಒಂದೇ ಗಣ, ನಾಲ್ಕು ಹೆಜ್ಜೆ. ಐದನೇ ಹೆಜ್ಜೆ ಬೇಕೆನಿಸುವ ಚೆಂಡು ಹೊರಗಿನದು, ಕೈ ಎತ್ತಬಾರದು.

"ಮತ್ತ ಇದು ಪರೀಕ್ಷಾದಾಗ ಬರ್ತದೇನ್ರಿ?" ಎಂದಳು ರಶೀದಾಬೇಗಂ.

ಲಾಲ್ ಅಹ್ಮದನಿಗೆ ಪರಸಿಯ ಮೇಲೆಲ್ಲ ಮಣ್ಣು ಮುಚ್ಚಲು ಹೇಳಿದೆ. ಅವನು ಬುಟ್ಟಿ ಕೆಳಗಿಟ್ಟ. "ಸಾಹೇಬ್ರು ಕೈಯಾರೆ ಹಾಕಿದ ಕಲ್ಲು ಅವ್ರಿ," ಎಂದ. ಆಮೇಲೆ ಮುಚ್ಚಿದ.

ಸೆಪ್ಟೆಂಬರ್ 24

ಎರಡು ವಾರದಿಂದ ಬರೆಯಲು ಹೊತ್ತಾಗಿಲ್ಲ. ಈಗ ಆರಕ್ಕೆ ಮುಗಿಸುವುದಿಲ್ಲ, ಕತ್ತಲಾಗುವ ತನಕ ಇರುತ್ತೇವೆ. ನಮ್ಮ ಮೈದಾನದ ಮುಂದೆ ಹಾದುಹೋಗುವವರು ಒಳಗೆ ಏನೋ ಭಜನೆ ನಡೆದಿದೆ ಎಂದುಕೊಳ್ಳುತ್ತಾರೆ. ಆರು ಜನವೂ ಗುಣುಗುಣು ಎಣಿಸುತ್ತ ಆಡುತ್ತಾರೆ. ಆಶಾಬಿ ಮಾತ್ರ ಹುಮ್ಮಸ್ಸಿನಲ್ಲಿ ಐದು, ಆರು, ಏಳು ಎಂದು ಹಿಂದೆ ಹಿಂದೆ ಹೋಗಿ ಬೇವಿನ ಮರಕ್ಕೆ ಬೆನ್ನು ತಾಗಿಸಿಕೊಳ್ಳುತ್ತಾಳೆ. "ಆಶಾಬಿ ಎರಡನೇ ಸಾಲಿಗಿ ಹ್ವಾದ್ಳು!" ಎಂದು ಉಳಿದವರು ಕೂಗುತ್ತಾರೆ.

ಇಂದು ಮಾಳಮ್ಮ ತರಗತಿಯಲ್ಲಿ ಒಂದು ಇಡೀ ಕಂದಕ್ಕೆ ತಪ್ಪಿಲ್ಲದೆ ಪ್ರಸ್ತಾರ ಹಾಕಿದಳು. ಬೆಂಚಿನ ಕೆಳಗೆ ಅವಳ ಕಾಲು ಆಡುತ್ತಿತ್ತು. ನೋಡಿಯೂ ನೋಡದಂತೆ ಇದ್ದೆ.

"ಅನಸೂ, ಅಡಿಗಿ ಮನ್ಯಾಗ ಯಾಕ ಹಿಂದಕ್ಕ ನಡೀತಿ?" ಎಂದರು ವೈನಿ. ಏನೋ ಒಂದು ಹೇಳಿ ತಪ್ಪಿಸಿಕೊಂಡೆ.

ಪುಟ ನಲವತ್ತೊಂದು.

ಅಕ್ಟೋಬರ್ 9, ಶನಿವಾರ. ಸೇಡಂನಿಂದ ಬರುವ ಗಾಡಿಯಲ್ಲಿ

ಅಕ್ಷರ ಕುಣಿಯುತ್ತಿವೆ, ಗಾಡಿಯದೇ ತಪ್ಪು ಎಂದುಕೊಳ್ಳುತ್ತೇನೆ.

ಎದುರಿಗೆ ಚಿಂಚೋಳಿಯವರು ಬಂದರು. ಗಟ್ಟಿಮುಟ್ಟಾದ ಹುಡುಗಿಯರು. ನಮ್ಮವರು ನೆಟ್ಟಿಗೆ ಬೆನ್ನು ಮಾಡಿ ನಿಂತು ಹನ್ನೆರಡು ಹೆಜ್ಜೆ ಅಳೆದಾಗ ಅವರು ಕಿಸಕ್ಕೆಂದು ನಕ್ಕರು. ಮೊದಲ ಸುತ್ತು ಹದಿನೈದಕ್ಕೆ ಒಂಬತ್ತು, ಅವರದು. ಆಶಾಬಿ ಮೂರು ಸಲ ಎರಡನೇ ಸಾಲಿಗೆ ಹೋದಳು. ಎರಡನೆಯ ಸುತ್ತಿನಲ್ಲಿ ಗುಣುಗುಣು ಜೋರಾಯಿತು. ಹದಿನೈದಕ್ಕೆ ಹನ್ನೊಂದು, ನಮ್ಮದು.

ಮೂರನೆಯದರಲ್ಲಿ ನಾವು ಹದಿನಾಲ್ಕು, ಅವರು ಹದಿಮೂರು. ಇನ್ನೊಂದು ಅಂಕ ಬಂದರೆ ಅಂಕಣ ಉಳಿಯಿತು. ರಶೀದಾಬೇಗಂಳ ಸರ್ವೀಸು. ಅವರ ಎತ್ತರದ ಹುಡುಗಿ ಚೆಂಡನ್ನು ಉದ್ದಕ್ಕೆ ಎತ್ತಿ ಹೊಡೆದಳು. ಅದು ಮಾಳಮ್ಮನ ತಲೆಯ ಮೇಲೆ ಬಂತು, ಮಾಳಮ್ಮ ಹಿಂದೆ ಸರಿದಳು. ಒಂದು. ಎರಡು. ನನ್ನ ಕಣ್ಣಿಗೆ ಸೈಕಲ್ ಸ್ಟ್ಯಾಂಡ್ ಕಾಣತೊಡಗಿತು, ತಗಡಿನ ಮಾಡಿನ ಸಮೇತ. ಮೂರು. ನಾನು ಎದ್ದು ನಿಂತು, "ಹೊಡಿ! ಮಾಳಮ್ಮಾ, ಹೊಡೀ!" ಎಂದು ಕೂಗಿದೆ. ನಾಲ್ಕು. ಮಾಳಮ್ಮ ನಿಂತಳು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಚೆಂಡು ಅವಳ ಜಡೆ ಸವರುವಂತೆ ಹೋಗಿ, ಸುಣ್ಣದ ಗೆರೆಯಿಂದ ಒಂದು ಗೇಣು ಆಚೆಗೆ ಬಿತ್ತು.

ಅವಳು ನೆಲ ನೋಡಲೇ ಇಲ್ಲ.

ಹುಡುಗಿಯರೆಲ್ಲ ಮೈಮೇಲೆ ಬಿದ್ದದ್ದು ನೆನಪಿದೆ. ನನ್ನ ಕನ್ನಡಕ ಇನ್ನೂ ಸೊಟ್ಟಗಿದೆ.

"ನಾ ಹೊಡಿ ಅಂತ ಒದರಿದ್ನಲ್ಲ, ಕೇಳಸಲಿಲ್ಲೇನ?" ಎಂದೆ.

"ಇಡೀ ಸೇಡಂಗೆ ಕೇಳಸ್ಯಾದ್ರಿ. ಆದ್ರ ನೀವು ಕಲಿಸಿದ್ದು ಕೇಳಿದ್ನಿ ಮೇಡಂರಿ, ಒದರಿದ್ದು ಕೇಳಲಿಲ್ಲ."

ಬೇಲಿಯ ಪಕ್ಕದಲ್ಲಿ ದಸ್ತಗೀರ ಸಾಹೇಬರು ನಿಂತಿದ್ದರು. ತಾಂಡೂರಿನಿಂದ ಬೆಳಗಿನ ಗಾಡಿಗೇ ಬಂದಿದ್ದರಂತೆ.

"ಹುಡುಗ್ಯಾರು ಏನ ಪಠಣ ಮಾಡಾಕತ್ತಿದ್ರು?"

"ಕಂದಪದ್ಯದ ಲೆಕ್ಕಾರಿ. ನಿಮ್ಮ ಪರಸಿ ಮ್ಯಾಲ ಮಣ್ಣು ಹಾಕಿಸೀನ್ರಿ, ತಪ್ಪು ತಿಳೀಬ್ಯಾಡ್ರಿ."

ಅವರು ಅಂಕಣದ ಸುಣ್ಣದ ಗೆರೆಯ ಕಡೆ ಕೈ ತೋರಿಸಿದರು. "ಕಚೇರಿಯವ್ರು ಸುಣ್ಣ ಕೊಡಲಿಲ್ಲಂತ ಸಿಟ್ಟಿಗೆದ್ದು ಕಲ್ಲು ಹಾಕಿದ್ನಿ. ಮಣ್ಣು ನಾನೇ ಹಾಕಬೇಕಿತ್ತು. ಗೆಲ್ಲೂದು ರೂಢಿ ಆಗಿತ್ತು ನೋಡ್ರಿ." ಆಮೇಲೆ ಕೇಳಿದರು, "ನನ್ನ ಸೀಟಿ ಎಲ್ಲದ?"

ಕುದಿಸಿದ್ದನ್ನು ಹೇಳಿದೆ. ಹದಿನಾರು ವರ್ಷದಲ್ಲಿ ಅವರು ನಕ್ಕದ್ದನ್ನು ಮೊದಲ ಸಲ ನೋಡಿದೆ ಎಂದ ನಮ್ಮ ಜೊತೆ ಬಂದಿದ್ದ ಲಾಲ್ ಅಹ್ಮದ್.

ಮಧ್ಯಾಹ್ನ ಚಿತ್ತಾಪುರದವರ ಕೈಯಲ್ಲಿ ಸೋತೆವು. ಇರಲಿ. ಒಂದು ಸಾಕೆಂದು ಮಂಡಳಿಯೇ ಬರೆದುಕೊಟ್ಟಿದೆ.

ಅಕ್ಟೋಬರ್ 18, ಸೋಮವಾರ

ಹೊಸ ಮಾಸ್ತರು ಬಂದರು. ಒಳ್ಳೆಯ ಹುಡುಗನೇ. ಅಭ್ಯಾಸವನ್ನು ಬೆಳಿಗ್ಗೆ ಆರಕ್ಕೆ ಬದಲಾಯಿಸಿದ್ದಾನೆ, ಮೈಗೆ ತಂಪು ಎಂದು. ನನ್ನ ಕೆಲಸ ಮುಗಿಯಿತು. ಐದಕ್ಕೆ ಸರಿಯಾಗಿ ಕಿಟಕಿಯ ಕುರ್ಚಿಯಲ್ಲಿ ಕೂತು ಪುಟ ನಲವತ್ತೊಂದು ತೆರೆದೆ.

ಒಂದೂ ಸದ್ದಿಲ್ಲ. ಅದೇ ಸಾಲನ್ನು ಆರು ಸಲ ಓದಿದೆ.

ಅಕ್ಟೋಬರ್ 20

ಬೆಳಿಗ್ಗೆ ಆರಕ್ಕೆ ಹೋಗಿ ನೋಡಿದೆ. ಮಾಸ್ತರು, ಲಾಲ್ ಅಹ್ಮದ್, ನೆಟ್. ಹುಡುಗಿಯರು ಯಾರೂ ಇಲ್ಲ. ಆ ಹೊತ್ತಿಗೆ ಮಾಳಮ್ಮ ನೀರಿನ ಸರತಿಯಲ್ಲಿ ಇರುತ್ತಾಳೆ, ಅದನ್ನು ಅವನಿಗೆ ಯಾರು ಹೇಳಬೇಕು?

ಎಂಟನೇ ಅರ್ಜಿ ಬರೆದೆ. "ಸಾಯಂಕಾಲ ಐದರಿಂದ ಆರರವರೆಗೆ ಗ್ರಂಥಾಲಯದ ಕಿಟಕಿಯ ಕೆಳಗೆ ಯಾವುದೇ ಸದ್ದು ಇಲ್ಲದಿರುವುದರಿಂದ ನನ್ನ ಓದಿಗೆ ತೀವ್ರ ತೊಂದರೆಯಾಗುತ್ತಿದೆ. ಸದರಿ ಸದ್ದನ್ನು ಮೊದಲಿನಂತೆ ಮುಂದುವರಿಸಬೇಕಾಗಿ ವಿನಂತಿ."

ನಾಮದೇವರಾಯರು ಎರಡು ಸಲ ಓದಿ ಸಹಿ ಹಾಕಿದರು.

"ಹನ್ನೊಂದು ವರ್ಷದಾಗ ನಿಮ್ಮದೊಂದು ಅರ್ಜಿ ಮಂಜೂರಾತು ನೋಡ್ರಿ," ಎಂದರು.

ಅಕ್ಟೋಬರ್ 21, ಗುರುವಾರ

ಐದಕ್ಕೆ ಗ್ರಂಥಾಲಯಕ್ಕೆಂದೇ ಹೊರಟಿದ್ದೆ. ಮೈದಾನದ ಕಡೆಯಿಂದ ಹೋದರೆ ಹತ್ತಿರ. ಹೊಸ ಮಾಸ್ತರು ಸೀಟಿ ಊದುತ್ತಿದ್ದರು, ಚೆನ್ನಾಗಿ ಕೇಳುವ ಸೀಟಿ. ಲಾಲ್ ಅಹ್ಮದ್ ಬೇವಿನ ಕೆಳಗೆ ಒಂದು ಕುರ್ಚಿ ಹಾಕಿ ಒರೆಸಿ ಇಟ್ಟಿದ್ದ. ಎರಡು ನಿಮಿಷ ಕೂತು ಹೋಗೋಣವೆಂದು ಪುಸ್ತಕ ತೆರೆದೆ.

ಕೂರಲಾಗಲಿಲ್ಲ. ಆಶಾಬಿ ಮತ್ತೆ ಎರಡನೇ ಸಾಲಿಗೆ ಹೋಗುತ್ತಿದ್ದಳು.